ಚಕ್ಕುಬಂದಿಯಲ್ಲಿ ಅಪ್ಪನ ಗಿರಣಿ

ನಮ್ಮ ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಸಿಂಧನೂರಿನ ವಾರ್ಡುಗಳ ಚಕ್ಕುಬಂದಿಯಲ್ಲಿ ಅವನ ಹೆಸರಿತ್ತು. ಯಾವ ವಾರ್ಡು ಎಲ್ಲಿಂದ ಎಲ್ಲಿಯವರೆಗೆ ಎಂದು ನಾಲ್ಕೂ ದಿಕ್ಕಿನ ಗುರುತು ಹೇಳುವ ಸರ್ಕಾರಿ ಪಟ್ಟಿ ಅದು. ನಮ್ಮ ವಾರ್ಡಿನ ಪೂರ್ವಕ್ಕೆ ಅಪ್ಪನ ಹೆಸರು ಬರೆದು, ‘ಇವರ ಹಿಟ್ಟಿನ ಗಿರಣಿ’ ಎಂದು ಸೇರಿಸಿದ್ದರು. ನಾನು ಓದಿ ಹೇಳಿದ ದಿನ ಅವನು ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ನಿಂತಿದ್ದ.

“ಇನ್ನೊಮ್ಮೆ ಓದವಾ,” ಅಂದ. ಓದಿದೆ. ಮೂರನೆಯ ಸಲ ಕೇಳಿದಾಗ ಒಳಗಿನಿಂದ ಅವ್ವ, “ಸಾಕು ಬಿಡ್ರಿ, ಅಕ್ಷರ ಸವೀತಾವ,” ಅಂದಳು.

ಅಂದಿನಿಂದ ಅಪ್ಪನ ಠೀವಿಯೇ ಬೇರೆ. ಜೋಳ ಬೀಸಿಸಲು ಬಂದವರನ್ನು ಮೆಟ್ಟಿಲ ಮೇಲೆ ಕೂರಿಸಿ, “ಇಲ್ಲಿ ಕುಂತ್ರ ಒಂದು ವಾರ್ಡು, ಇಳದ್ರ ಇನ್ನೊಂದು. ನೋಡಿ ಇಳೀರಿ,” ಎಂದು ಕಾಡಿಸುತ್ತಿದ್ದ. ನಮ್ಮ ಮನೆ ಹುಡುಕಿ ಬರುವವರು ಗಿರಣಿಯ ಸದ್ದು ಹಿಡಿದು ಬಂದರೆ ಸಾಕಿತ್ತು. ಆ ಸದ್ದು ನನಗೆ ಈಗಲೂ ಬೇಕು. ಬೆಚ್ಚಗಿನ ಹಿಟ್ಟನ್ನು ಬೆರಳಲ್ಲಿ ಉಜ್ಜಿ “ಸಣ್ಣ ಆಗೈತಿ” ಎನ್ನುತ್ತಿದ್ದ ಅವನ ದನಿ ಇನ್ನೂ ಹೆಚ್ಚು ಬೇಕು.

ಅಪ್ಪ ಹೋದ ಮೇಲೆ ಯಂತ್ರವನ್ನು ಬಳಗಾನೂರಿನವರು ಒಯ್ದರು. ಷಟರ್ ಎಳೆದ ಆ ಮನೆಯಲ್ಲೇ ನಾನಿದ್ದೇನೆ. ಮಸ್ಕಿಯ ಶಾಲೆಯಲ್ಲಿ ಪಾಠ ಮುಗಿಸಿ, ಸಂಜೆ ಲಿಂಗಸುಗೂರಿನಿಂದ ಬರುವ ಬಸ್ಸು ಹಿಡಿದು ಊರಿಗೆ ಬರುತ್ತೇನೆ. ಊರು ಬೆಳೆದಿದೆಯೆಂದು ವಾರ್ಡುಗಳ ಗೆರೆ ಮತ್ತೆ ಎಳೆದ ಖಬರು ಆ ಬಸ್ಸಿನಲ್ಲೇ ಸಿಕ್ಕಿತು. ಇಳಿದವಳು ಮನೆಗೂ ಹೋಗದೆ ನಗರಸಭೆಯ ನೋಟಿಸ್ ಬೋರ್ಡಿನ ಮುಂದೆ ನಿಂತೆ. ಗೆರೆ ನಮ್ಮ ಮನೆ ಮುಂದೆಯೇ ಹಾದಿತ್ತು. ಆದರೆ ಪೂರ್ವಕ್ಕೆ ಎಂಬಲ್ಲಿ ಅಪ್ಪ ಇರಲಿಲ್ಲ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಎದ್ದಿರುವ ಮೊಬೈಲ್ ಟವರ್ ಇತ್ತು. ಸಿಟ್ಟು ನೆತ್ತಿಗೇರಿತು. ಅವನ ಹೆಸರು ಬೇರೆಲ್ಲೂ ಅಚ್ಚಾದದ್ದಿಲ್ಲ.

ಮರುದಿನ ಆಕ್ಷೇಪಣೆ ಬರೆದುಕೊಂಡು ಹೋದೆ. ಓಣಿ ಆ ವಾರ್ಡಿಗೆ ಹೋಯಿತು, ಈ ವಾರ್ಡಿಗೆ ಬಂತು ಎಂದು ಜಗಳಾಡುವವರ ನಡುವೆ ನನ್ನದು ವಿಚಿತ್ರವಾಗಿತ್ತು.

“ಅಕ್ಕಾರ, ಗೆರಿ ಇದ್ದಲ್ಲೇ ಐತ್ರಿ. ನಿಮ್ಗ ತೊಂದ್ರಿ ಏನ್ರಿ?” ಅಂದರು ಕ್ಲರ್ಕ್.

“ಗೆರಿ ಇರ್ಲ್ರಿ, ಹೆಸರು ಬೇಕ್ರಿ.”

“ಗಿರಣಿ ಬಂದ್ ಆಗೈತಿ ಅಂತೀರಿ. ಮಂದಿಗೆ ಗುರ್ತು ಹ್ಯಾಂಗ ಸಿಗಬೇಕ್ರಿ?”

“ಓಣ್ಯಾಗ ಯಾರನ್ನರ ಕೇಳ್ರಿ. ಗಿರಣಿ ಮನಿ ಅಂದ್ರ ಎಲ್ಲರೂ ತೋರಸ್ತಾರ.”

ಒಮ್ಮೆ ಬಂದು ನೋಡುತ್ತೇನೆ ಎಂದರು.

ಅವರು ಬರುವ ದಿನ ರಜೆ ಹಾಕಿದೆ. ಷಟರ್ ಎತ್ತಿ, ಕಟ್ಟೆ ತೊಳೆದೆ. ಓಣಿಯ ಮನೆಮನೆಗೆ ಹೋಗಿ, “ಯಾರರ ಕೇಳಿದ್ರ ಗಿರಣಿ ಮನಿ ಅನ್ನಬೇಕ್ರೆವಾ,” ಎಂದು ಪಾಠ ಒಪ್ಪಿಸಿಕೊಂಡು ಬಂದೆ. ಹಾಗೆ ಹೇಳಿಕೊಡಬೇಕಾಗಿ ಬಂದದ್ದೇಕೆ ಎಂದು ಆಗ ಹೊಳೆಯಲಿಲ್ಲ.

ಚಹಾ ಸೋಸುತ್ತಿದ್ದಾಗ ಫೋನು ಬಂತು. “ಅಕ್ಕಾರ, ಓಣಿ ಹತ್ರ ಬಂದೀನ್ರಿ. ಮನಿ ಎಲ್ಲಿ ಬರತೈತ್ರಿ?”

“ಸೀದಾ ಬರ್ರಿ,” ಅಂದೆ. “ಟವರ್ ಬಗಲಾಗಿನ ಮನಿ.”

ಫೋನಿಟ್ಟ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆಟೋದವರಿಗೆ, ಗ್ಯಾಸಿನವರಿಗೆ, ನೆಂಟರಿಗೆ ಎಷ್ಟೋ ವರ್ಷಗಳಿಂದ ನಾನು ಹೇಳುತ್ತಿದ್ದದ್ದು ಅದನ್ನೇ.

ಕ್ಲರ್ಕ್ ಬಂದರು, ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಒಳ್ಳೆಯ ಮನುಷ್ಯ, ಫೋನಿನ ಮಾತು ಎತ್ತಲಿಲ್ಲ. ನಾನೇ ಅರ್ಜಿ ವಾಪಸ್ ಕೇಳಿದೆ.

“ಇರ್ಲಿ ಬಿಡ್ರಿ ಅಕ್ಕಾರ, ಸಾಹೇಬರಿಗೆ ಹೇಳಿ ನೋಡೂಣು.”

“ಬ್ಯಾಡ್ರಿ,” ಅಂದೆ. “ಅಪ್ಪನ ಹೆಸರು ಅಳಿಸಿದಾಕಿ ನಾನ ಅದೀನ್ರಿ.”