ಸ್ವಂತ ಕೈಬರಹ

ನೀಲಗಂಗಮ್ಮನವರ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು ಎಂಬುದು ಟಿ. ನಗರದ ಕನ್ನಡ ಸಹೋದರ ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು. ದಾವಣಗೆರೆಯಿಂದ ಮದುವೆಯಾಗಿ ಈ ತಮಿಳರ ಊರಿಗೆ ಬಂದು ಮೂವತ್ತೆಂಟು ವರ್ಷ. ಗಂಡ ಸೋಮಲಿಂಗಪ್ಪ ತೀರಿಕೊಂಡ ಮೇಲೆ ಸಂಘವೇ ಅವರಿಗೆ ಮನೆಯಾಗಿತ್ತು. ಸಂಘ ಬಾಗಿಲು ತೆರೆಯುತ್ತಿದ್ದುದು ಶನಿವಾರ ಮಾತ್ರ. ಅಂದು ಮಕ್ಕಳಿಗೆ ಕನ್ನಡ ಕಲಿಸುವುದು, ಜೂನ್ ಬಂತೆಂದರೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವುದು ಅವರ ಕೆಲಸ.

ವಿದ್ಯಾರ್ಥಿವೇತನ ಸದಸ್ಯರ ಮಕ್ಕಳಿಗೆ ಮೀಸಲು. ಅದಕ್ಕೊಂದು ಹಳೆಯ ನಿಯಮವಿತ್ತು: ಅರ್ಜಿಯನ್ನು ವಿದ್ಯಾರ್ಥಿಯೇ ಕನ್ನಡದಲ್ಲಿ, ಸ್ವಂತ ಕೈಬರಹದಲ್ಲಿ ಬರೆದಿರಬೇಕು. ಹಾಗಾದರೂ ಮಕ್ಕಳು ನಾಲ್ಕಕ್ಷರ ಕಲಿಯಲಿ ಎಂಬುದು ಸಂಘ ಕಟ್ಟಿದ ಹಿರಿಯರ ಆಸೆ. ಪಾಪ, ಅವರಿಗೆ ಈ ಊರಿನ ಅಮ್ಮಂದಿರ ಸಾಮರ್ಥ್ಯ ಗೊತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಕ್ಕಳ ಹೆಸರಿನಲ್ಲಿ ಪ್ರತಿವರ್ಷ ‘ಪೂಜ್ಯರಲ್ಲಿ ಸವಿನಯ ಪ್ರಾರ್ಥನೆಗಳು’ ಎಂದು ಶುರುವಾಗುವ ಸೊಗಸಾದ ಅರ್ಜಿಗಳು ಬರುತ್ತಿದ್ದವು. ನೀಲಗಂಗಮ್ಮ ಕನ್ನಡಕ ಏರಿಸಿ, “ಇದು ಪ್ರೇಮಮ್ಮಂದು, ಇದು ಅಂಬುಜಮ್ಮಂದು” ಎಂದು ಪಕ್ಕಕ್ಕಿಡುತ್ತಿದ್ದರು. ಆಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಂಡು, ಎರಡೇ ಸಾಲಾದರೂ ಸರಿ, ಬರೆಸಿಯೇ ಬಿಡುತ್ತಿದ್ದರು.

ಆ ವರ್ಷ ಬಂದ ಒಂದು ಅರ್ಜಿ ನೋಡಿ ಮಾತ್ರ ಅವರಿಗೆ ಮನಸ್ಸು ಮುರಿದುಹೋಯಿತು. ಶೋಳಿಂಗನಲ್ಲೂರಿನ ಪಾವನಾ ಎಂಬ ಹುಡುಗಿಯದು. ಡಯಾಲಿಸಿಸ್ ತಂತ್ರಜ್ಞಾನದ ಪದವಿಗೆ ಸೀಟು ಸಿಕ್ಕಿದೆ, ತಿಂಗಳ ಕೊನೆಯೊಳಗೆ ಸೇರದಿದ್ದರೆ ಕೈತಪ್ಪುತ್ತದೆ ಎಂದು ಬರೆದಿದ್ದಳು. ಆದರೆ ಅಕ್ಷರ ಅವಳಪ್ಪ ಅಂದಾನಿಯದು. ಎಂಟು ವರ್ಷ ಸಂಘದ ನಡಾವಳಿ ಪುಸ್ತಕ ಬರೆದವನು ಅಂದಾನಿ. ಕೆಲಸ ಜಾಸ್ತಿಯಾಗಿದೆ ಎಂದು ಹೇಳಿ ಎರಡು ವರ್ಷದಿಂದ ಬಿಟ್ಟಿದ್ದ. ಆ ದುಂಡನೆಯ ಬರಹ, ‘ಶ್ರೀ’ಯ ಕೆಳಗೆ ಎಳೆಯುವ ಉದ್ದನೆಯ ಗೆರೆ, ಸಾಲಿಗೂ ಸಾಲಿಗೂ ನಡುವೆ ಬಿಡುವ ಹೆಬ್ಬೆಟ್ಟಿನಷ್ಟು ಜಾಗ, ಎಲ್ಲ ಅವನದೇ. ಈ ಹುಡುಗಿ ಯಾಕೆ ಇದೇ ಓದು ಆರಿಸಿಕೊಂಡಳು ಎಂದು ನೀಲಗಂಗಮ್ಮ ಯೋಚಿಸಲಿಲ್ಲ. ನೇರವಾಗಿ ಫೋನ್ ಮಾಡಿದರು.

“ಏನಪ್ಪಾ ಅಂದಾನಿ, ಎಲ್ಲರಿಗೂ ನಿಯಮ ಓದಿ ಹೇಳ್ತಿದ್ದೋನು ನೀನು. ನೀನೇ ಹಿಂಗ್ ಮಾಡಿದ್ರೆ ಹೆಂಗೆ?”

“ಅಕ್ಕಾ, ಅದು ನಮ್ಮ ಪಾವನಾನೇ ಬರ್ದಿದ್ದು.”

“ನಿನ್ನ ಅಕ್ಷರ ನನಗೆ ಗೊತ್ತಿಲ್ವಾ? ಹಂಗಾದ್ರೆ ಶನಿವಾರ ಕಳ್ಸು, ನನ್ನೆದುರಿಗೆ ಬರೀಲಿ.”

“ಶನಿವಾರ ಅವಳಿಗೆ ಆಗಲ್ಲ ಅಕ್ಕಾ. ಬೇರೆ ದಿನ ಆದ್ರೆ...”

“ಸುಳ್ಳು ಹೇಳಬ್ಯಾಡ.”

“ಆಯ್ತು ಅಕ್ಕಾ,” ಎಂದು ಅವನು ಫೋನಿಟ್ಟ.

ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಸ್ವಂತ ಕೈಬರಹವಲ್ಲ’ ಎಂದು ಬಿತ್ತು. ನೀಲಗಂಗಮ್ಮ ಬರೆದ ಮೇಲೆ ಸಮಿತಿಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಇಪ್ಪತ್ತೆರಡು ದಿನಗಳ ನಂತರ ಅಂದಾನಿ ತೀರಿಕೊಂಡ ಸುದ್ದಿ ಬಂತು.

ಸದಸ್ಯರು ತೀರಿಕೊಂಡರೆ ಸಂಘದಲ್ಲಿ ಸಂತಾಪ ಸಭೆ ನಡೆಸಿ, ಮನೆಯವರಿಂದ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸುವುದು ರೂಢಿ. ಪಾವನಾ ಒಬ್ಬಳೇ ಬಂದಿದ್ದಳು. ಪುಸ್ತಕದ ಹಾಳೆ ಮಗುಚದಂತೆ ನೀಲಗಂಗಮ್ಮ ಪಕ್ಕದಲ್ಲಿ ಹಿಡಿದುಕೊಂಡು ನಿಂತರು. ಹುಡುಗಿ ಪೆನ್ನು ತೆಗೆದುಕೊಂಡು ‘ಶ್ರೀ’ ಬರೆದು, ಕೆಳಗೊಂದು ಉದ್ದ ಗೆರೆ ಎಳೆದಳು. ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟು ‘ನಮ್ಮ ಅಪ್ಪ ಒಳ್ಳೆಯವರು’ ಎಂದು ಬರೆದಳು. ಅಂದಾನಿಯೇ ಎದ್ದು ಬಂದು ಬರೆದ ಹಾಗಿತ್ತು. ನೀಲಗಂಗಮ್ಮ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

“ಯಾರಮ್ಮಾ ಕಲಿಸಿದ್ದು?” ಎಂದು ಹೇಗೋ ಕೇಳಿದರು.

“ಅಪ್ಪಾದಾನ್, ಅಪ್ಪಾನೇ ಅಜ್ಜಿ. ಕಿಡ್ನಿ ಹೋಗಿತ್ತಲ್ಲ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಜೊತೆಗೆ ನಾನೇ ಹೋಗ್ತಿದ್ದೆ. ಎಡಗೈಗೆ ಸೂಜಿ ಹಾಕಿರ್ತಾರೆ, ಬಲಗೈ ಫ್ರೀ. ಕ್ಯಾಲೆಂಡರ್ ಶೀಟ್ ಹಿಂದೆ ಬರ್ದು ಕೊಡ್ತಿದ್ರು, ನಾನು ಅದ್ರ ಮೇಲೇ ತಿದ್ತಿದ್ದೆ. ಟೂ ಇಯರ್ಸ್. ಸಂಘದಲ್ಲಿ ಯಾರ್ಗೂ ಹೇಳ್ಬೇಡ ಅಂದಿದ್ರು, ಎಲ್ಲಾರೂ ಪಾಪ ಅಂತಾರೆ ಅಂತ.”

“ನಾನು ಫೋನ್ ಮಾಡಿದ್ದು...”

“ಅಪ್ಪ ನಕ್ಕರು ಅಜ್ಜಿ. ಅಕ್ಕನಿಗೇ ನಮ್ಮಿಬ್ಬರ ಅಕ್ಷರ ಬೇರೆ ಅಂತ ಗೊತ್ತಾಗ್ಲಿಲ್ಲ ನೋಡು ಅಂತ.” ಪಾವನಾ ಪೆನ್ನಿನ ಮುಚ್ಚಳ ಹಾಕಿದಳು. “ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ರು.”

ಇಡೀ ಊರಿನ ಕನ್ನಡದ ಮಕ್ಕಳಲ್ಲಿ ನಿಜವಾಗಿ ತಾನೇ ಕೂತು ಬರೆದವಳು ಇವಳೊಬ್ಬಳು. ಅವಳನ್ನೇ ಅವರು ಕಳ್ಳಿಯೆಂದಿದ್ದರು. ಸೀಟು ಹೋಗಿತ್ತು, ಮನೆಯ ಹತ್ತಿರವೇ ಒಂದು ಆಫೀಸಿನಲ್ಲಿ ಅವಳು ಡೇಟಾ ಎಂಟ್ರಿಗೆ ಸೇರಿದ್ದಳು. ನೀಲಗಂಗಮ್ಮ ಅವಳ ಕೈ ಹಿಡಿದುಕೊಂಡರು. “ಬರೋ ವರ್ಷ ನಿನ್ನ ಹೆಸರೇ ಮೊದಲು ಕಣವ್ವಾ. ನಾನೇ ಮುಂದೆ ನಿಂತು ಮಾಡಿಸ್ತೀನಿ.”

“ವೇಂಡಾಂ ಅಜ್ಜಿ, ನನಗೆ ಬೇಡ.” ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. “ಅಪ್ಪ ಸುಳ್ಳು ಹೇಳ್ಲಿಲ್ಲ ಅಂತ ಇದ್ರಲ್ಲಿ ಬರೀರಿ. ಅವರು ಬರ್ದ ಬುಕ್ ಅಲ್ವಾ?”

ನೀಲಗಂಗಮ್ಮ ಅಲ್ಲೇ ಕೂತು ಬರೆದರು. ಸಾವಿರ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಅಕ್ಷರಗಳು ಸಾಲು ಬಿಟ್ಟು ಇಳಿದವು.

ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ ಎಲ್ಲರ ಒಪ್ಪಿಗೆ ಪಡೆಯಬೇಕು. ಆ ಸಭೆಯಲ್ಲಿ ಅಧ್ಯಕ್ಷ ರಘುರಾಮ, “ಕೊಡಿ ಅಮ್ಮ, ನಾನು ಓದ್ತೀನಿ,” ಎಂದು ಕೈ ಚಾಚಿದರು. ನೀಲಗಂಗಮ್ಮ ಕೊಡಲಿಲ್ಲ. ಎದ್ದು ನಿಂತು, ತಮ್ಮದೇ ಸೊಟ್ಟ ಅಕ್ಷರವನ್ನು ತಡವರಿಸುತ್ತ ಓದಿದರು: “ಅಂದಾನಿಯವರು ನಿಜವನ್ನೇ ಹೇಳಿದ್ದರು. ನಾನು ನಂಬಲಿಲ್ಲ. ಅರ್ಜಿ ಅವರ ಮಗಳ ಸ್ವಂತ ಕೈಬರಹದಲ್ಲಿಯೇ ಇತ್ತು.”

“ಎಲ್ಲರಿಗೂ ಒಪ್ಪಿಗೆಯೇ?” ಎಂದು ಅಧ್ಯಕ್ಷರು ಕೇಳಿದರು. ನೀಲಗಂಗಮ್ಮ ಬಾಗಿಲ ಕಡೆ ನೋಡಿದರು. ಪಾವನಾ ಬಂದಿರಲಿಲ್ಲ, ಈಗ ಶನಿವಾರ ಅವಳಿಗೆ ಶಿಫ್ಟ್ ಇತ್ತು.