ಟೇಪಿನಡಿಯ ಮೂರು ಪದಗಳು

ಪಕ್ಕದ ಮನೆಯ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಅದನ್ನು ಉಜ್ಜಿ ಉಜ್ಜಿ ಬಿದಿರಿನ ಸೀಳಿನಷ್ಟು ತೆಳ್ಳಗೆ ಇಟ್ಟುಕೊಂಡಿದ್ದರು. ಮೈಸೂರಿನ ಒಂದು ಹಸ್ತಪ್ರತಿ ಭಂಡಾರದಲ್ಲಿ ಮೂವತ್ತೆರಡು ವರ್ಷ, ಅಂಟಿಕೊಂಡ ಹಳೆಯ ಹಾಳೆಗಳನ್ನು ಆ ಉಗುರಿನಿಂದಲೇ ಬಿಡಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದ ಸಮಾಮಿಶ್‌ಗೆ, ಮಗಳ ಮನೆಗೆ ಬಂದಿದ್ದರು.

ಬೆಳಿಗ್ಗೆ ಏಳೂವರೆಗೆ ಮಗಳು, ಅಳಿಯ, ನನ್ನ ಗಂಡ ಎಲ್ಲರೂ ಕೆಲಸಕ್ಕೆಂದು ಬೆಲ್ವ್ಯೂ ಕಡೆ ಹೊರಟರೆ ಇಡೀ ಬೀದಿ ನಿಶ್ಶಬ್ದ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮಧ್ಯಾಹ್ನ ಬೇಲಿಯ ಆಚೆ ಅವರು, ಈಚೆ ನಾನು. ಊಟ ಆಯಿತೇ ಎಂದು ಅವರು ಎಂದೂ ಕೇಳಿದವರಲ್ಲ. "ಇವತ್ತು ಏನ್ ಓದಿದ್ರಮ್ಮಾ?" ಎನ್ನುತ್ತಿದ್ದರು. ಎಷ್ಟೋ ದಿನ ನನ್ನ ಹೆಸರಿಗೆ ಬರುತ್ತಿದ್ದ ಮಾತು ಅದೊಂದೇ.

2006ರ ಚಳಿಗಾಲದಲ್ಲಿ ಸಿಯಾಟಲ್‌ಗೆ ಮೃತ ಸಮುದ್ರದ ಸುರುಳಿಗಳು ಪ್ರದರ್ಶನಕ್ಕೆ ಬಂದಿದ್ದವು. ಸಾಹೇಬರು ಪೇಪರ್ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದರು.

"ಎರಡು ಸಾವಿರ ವರ್ಷದ ಚರ್ಮದ ಹಾಳೆಗಳಮ್ಮಾ! ಮರಳುಗಾಡಲ್ಲಿ ಒಂದು ಪಂಥದವರು ಇದ್ರಂತೆ. ಊರು ಬಿಟ್ಟು ಬಂದು, ಒಟ್ಟಿಗೆ ಉಂಡು, ಒಟ್ಟಿಗೆ ಪ್ರಾರ್ಥನೆ ಮಾಡಿ, ಗ್ರಂಥ ಬರೀತಾ ಇದ್ದೋರು. ದಂಡು ಬರತ್ತೆ ಅಂತ ಗೊತ್ತಾಗಿ ಎಲ್ಲಾನೂ ಗುಹೇಲಿ ಬಚ್ಚಿಟ್ರು. ತಿರುಗಿ ಬರ್ಲೇ ಇಲ್ಲ."

"ಮತ್ತೆ ಸಿಕ್ಕಿದ್ದು ಹೇಗೆ ಅಂಕಲ್?"

"ತಪ್ಪಿಸ್ಕೊಂಡ ಮೇಕೆ ಹುಡುಕ್ತಾ ಇದ್ದೋನಿಗೆ!"

ನನಗೆ ಕಾರು ಓಡಿಸುವ ಲೈಸೆನ್ಸ್ ಬಂದು ಎರಡು ವಾರವಾಗಿತ್ತಷ್ಟೆ. ಆದರೂ ಕರೆದುಕೊಂಡು ಹೊರಟೆ. ಸರೋವರದ ಮೇಲಿನ ತೇಲುಸೇತುವೆ ದಾಟುವಾಗ ನಾನು ರಾಮನನ್ನು, ಅವರು ಅಲ್ಲಾನನ್ನು ನೆನೆದೆವು.

ಮಬ್ಬುಬೆಳಕಿನ ಕೋಣೆಯಲ್ಲಿ ಅಂಗೈ ಅಗಲದ ಒಂದು ಚೂರಿನ ಮುಂದೆ ಸಾಹೇಬರು ನಿಂತುಬಿಟ್ಟರು. ಅದರ ಅಂಚಿನಲ್ಲಿ ಕಂದು ಕಲೆಯಿತ್ತು. ಫಲಕದಲ್ಲಿದ್ದುದನ್ನು ಓದಿ ಹೇಳಿದೆ: ಮೊದಮೊದಲು ಚೂರುಗಳನ್ನು ಜೋಡಿಸಿದ ವಿದ್ವಾಂಸರು ಟೇಪ್ ಹಚ್ಚಿದ್ದರು, ಆ ಅಂಟು ಚರ್ಮಕ್ಕೆ ಇಳಿದಿದೆ, ಈಗ ಅದನ್ನು ತೆಗೆಯಲು ವರ್ಷಗಟ್ಟಲೆ ಹೆಣಗುತ್ತಿದ್ದಾರೆ.

"ಇನ್ನೊಂದ್ಸಲ ಓದಿ."

ಓದಿದೆ. ಅವರು ಹೋಗಿ ಬೆಂಚಿನ ಮೇಲೆ ಕೂತರು.

"ನಾನೂ ಹಚ್ಚಿದೀನಮ್ಮಾ. ಕೆಲಸಕ್ಕೆ ಸೇರಿದ ಹೊಸದರಲ್ಲಿ. ಕುದುರೆ ವೈದ್ಯದ ಪುಸ್ತಕ, ಇದ್ದಿದ್ದೇ ಒಂದು ಪ್ರತಿ. ಹತ್ತು ವರ್ಷಕ್ಕೆ ಮೂರು ಪದ ಹೋಯ್ತು. ಯಾರು ಮಾಡಿದ್ದು ಅಂತ ಕೇಳಿದ್ರು. ಸುಮ್ನಿದ್ದೆ."

"ಆ ಪದಗಳು ನೆನಪಿದೆಯಾ?"

"ಹಚ್ಚೋ ಮುಂಚೆ ಓದಿದ್ದೆನಲ್ಲ. ಹಿಪ್ಪಲಿ, ಒಣಶುಂಠಿ, ಬೆಲ್ಲ. ಕುದುರೆ ಕೆಮ್ಮಿಗೆ. ದಿನಾ ಹೇಳ್ಕೋತೀನಿ."

ಮರುದಿನ ಭಂಡಾರಕ್ಕೆ ಕಾಗದ ಬರೆದೆವು. ಅವರು ಹೇಳಿದರು, ನಾನು ಬರೆದೆ. ಮೆತ್ತಗಿರಲೆಂದು ನಾನು "ನನ್ನಿಂದ ತಪ್ಪಾಗಿತ್ತು" ಎಂದು ಬರೆದಿದ್ದನ್ನು ಹೊಡೆದುಹಾಕಿಸಿದರು. "ಅದಾಗೇ ಆಗ್ಲಿಲ್ಲಮ್ಮಾ. ಮಾಡಿದೆ ಅಂತ ಬರೀರಿ."

ಫೆಬ್ರವರಿಯ ಒಂದು ಮಧ್ಯಾಹ್ನ ಅವರು ಬೇಲಿಯ ಹತ್ತಿರ ಬರಲಿಲ್ಲ. ಮಳೆಗೆ ಬಂದಿಲ್ಲವೆಂದುಕೊಂಡು ನಾನು ಹೋಗಿ ನೋಡಲಿಲ್ಲ. ಸಂಜೆ ಮಗಳು ಬಂದಾಗ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರು. ನೋಡಲಿಲ್ಲವಲ್ಲ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಏಪ್ರಿಲ್‌ನಲ್ಲಿ ಮೈಸೂರಿನಿಂದ ಉತ್ತರ ಬಂತು. ಅವರ ಮಗಳು ಅದನ್ನು ನಮ್ಮ ಬಾಗಿಲಲ್ಲೇ ನಿಂತು ಓದಿದಳು. ಪದಗಳು ಸಾಲಿಗೆ ಹೊಂದುತ್ತವೆ, ಚೀಟಿಯಲ್ಲಿ ಬರೆದು ಆ ಪುಟದಲ್ಲಿ ಇಟ್ಟಿದ್ದೇವೆ ಎಂದಿತ್ತು.

ಅವಳು ಕಾಗದ ಮಡಿಸಲಿಲ್ಲ. "ನಮ್ಮ ಅಬ್ಬಾ ನಮಗ್ಯಾರಿಗೂ ಇದನ್ನ ಹೇಳೇ ಇಲ್ಲ. ನಿಮಗೆ ಹೇಗೆ ಹೇಳಿದ್ರು?"

"ಮಧ್ಯಾಹ್ನ ನಾನೂ ಮನೇಲೇ ಇರ್ತಿದ್ನಲ್ಲ," ಅಂದೆ.