ಕಾಬೂಲಿನ ಜಗಳ ನಮ್ಮ ಓಣಿಗೆ ಬಂದಾಗ

“ನೀ ಅಲ್ಲೇ ಕುಂತಿದ್ದೆಲ್ಲ? ಹೇಳು ಮತ್ತ. ನಾ ಶ್ರೀಲಂಕಾದ ಹೆಸರ ತಗದೆನೇನು?”

ಹೀಗೆ ಕೇಳಿದವರು ನನ್ನ ಸೋದರಮಾವ ಶಿವಪ್ಪ. ಗದಗಿನ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟವರು. ಶೇಂಗಾ ಚೀಲಕ್ಕೆ ಕೈ ಹಾಕಿ ತೇವ ಎಷ್ಟಿದೆ ಅಂತ ಹೇಳಬಲ್ಲರು. ತಾವು ಹಿಂದಿನ ವಾರ ಏನಂದೆವು ಅಂತ ಮಾತ್ರ ಹೇಳಲಾರರು.

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಮಾವನ ಎದುರು ಮನೆಯ ಯಲ್ಲಪ್ಪ ಕಾಕಾ, ನಿವೃತ್ತ ಹವಾಲ್ದಾರರು.

“ತಂಗೀ, ನೀ ಓದಿದಾಕಿ, ಸುಳ್ಳ ಹೇಳಂಗಿಲ್ಲ. ನಿಮ್ಮ ಮಾವ ನನಗ ಶ್ರೀಲಂಕಾದಿಂದ ಓಡಿ ಬಂದಾವ ಅಂದನೋ ಇಲ್ಲೋ?”

ಬೆಟಗೇರಿಯ ಒಂದೇ ಓಣಿ. ಎರಡು ಮನೆಗಳ ನಡುವೆ ಒಂದು ಆಟೊ ದಾಟುವಷ್ಟು ರಸ್ತೆ. ಹುಡುಗರಾಗಿದ್ದಾಗಿನಿಂದ ಜೋಡಿ. ಈಗ ಮಾತಿಲ್ಲ. ಇಬ್ಬರಿಗೂ ಸಾಕ್ಷಿ ನಾನೇ! ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದು ನನ್ನ ತಪ್ಪು.

ನನ್ನ ಕಷ್ಟ ಏನೆಂದರೆ, ನಾನು ಅಲ್ಲಿದ್ದದ್ದು ನಿಜ. ಆದರೆ ನನ್ನ ತಲೆಯಲ್ಲಿ ಆ ಸಂಜೆಯ ಎರಡು ನೆನಪುಗಳಿವೆ. ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ ಮಾವ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಆ ಮಾತು ಅನ್ನುತ್ತಾರೆ. ಇನ್ನೊಂದರಲ್ಲಿ ಮಾವ ಸುಮ್ಮನೆ ಇರುತ್ತಾರೆ, ಕಾಕಾನೇ “ಅಂದ್ರ ನಾವು ಶ್ರೀಲಂಕಾದಿಂದ ಓಡಿ ಬಂದೋರು ಅಂತೀಯೇನು?” ಎಂದು ಏಳುತ್ತಾರೆ. ಯಾವುದು ನಡೆದದ್ದು, ಯಾವುದು ಆಮೇಲೆ ಇಬ್ಬರ ಬಾಯಲ್ಲಿ ಕೇಳಿ ಕೇಳಿ ನಾನು ಕಟ್ಟಿಕೊಂಡದ್ದು? (ದಿನಚರಿ ಬರೆಯುವ ಚಟ ನನಗಿದೆ. ತೆಗೆದು ನೋಡಿದೆ. ‘ಸಂಜೆ ಮಾವನ ಕಟ್ಟೆ. ಗದ್ದಲ. ಗಿರ್ಮಿಟ್ಟಿಗೆ ಉಪ್ಪು ಹೆಚ್ಚು’ ಎಂದಿತ್ತು. ಇಂಥ ದಿನಚರಿಯಿಂದ ಯಾರಿಗೆ ನ್ಯಾಯ ಸಿಕ್ಕೀತು?)

ಜಗಳ ಹತ್ತಿದ್ದು ಆಗಸ್ಟಿನಲ್ಲಿ. ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಬೂಲಿನ ವಿಮಾನ ನಿಲ್ದಾಣ. ಅಮೆರಿಕದ ಸೈನ್ಯ ಹೊರಡುತ್ತಿದೆ, ಜನ ವಿಮಾನದ ಹಿಂದೆ ಓಡುತ್ತಿದ್ದಾರೆ. ಕೆಳಗೆ ಚೌಕಟ್ಟುಗಳಲ್ಲಿ ಕೂತ ಪಂಡಿತರು ಕಿರುಚುತ್ತಿದ್ದಾರೆ. ಕಟ್ಟೆಯ ಮೇಲೆ ನಮ್ಮದೂ ಒಂದು ಪ್ಯಾನೆಲ್ ಡಿಸ್ಕಶನ್.

“ಇಪ್ಪತ್ತ ವರ್ಷ ಕುಂತು, ಈಗ ಗಂಟು ಕಟ್ಟಿದ್ರು. ಹಿಂಗ ಬರೋದಿದ್ರ ಹೋಗಿದ್ಯಾಕ?” ಅಂದರು ಮಾವ.

“ಸೈನ್ಯಾನ ಅನಬ್ಯಾಡಲೇ ಶಿವಪ್ಪ. ಆರ್ಡರ್ ಬಂದ್ರ ಹೋಗತೈತಿ, ಆರ್ಡರ್ ಬಂದ್ರ ಹೊಳ್ಳಿ ಬರತೈತಿ. ಕಳಿಸಿದಾವ್ರನ್ನ ಕೇಳು,” ಅಂದರು ಕಾಕಾ.

ಕಾಕಾ ಹಾಗೆ ಅನ್ನಲು ಕಾರಣವಿತ್ತು. ಹರೆಯದಲ್ಲಿ ಅವರು ಶ್ರೀಲಂಕಾಕ್ಕೆ ಶಾಂತಿ ಕಾಯಲು ಹೋದ ನಮ್ಮ ಸೈನ್ಯದಲ್ಲಿದ್ದರು. ಹೋದರು. ಜೊತೆಯವರು ಕೆಲವರು ಅಲ್ಲೇ ಮಣ್ಣಾದರು. ಇವರು ಆರ್ಡರ್ ಬಂದಾಗ ಹಡಗು ಹತ್ತಿ ವಾಪಸ್ ಬಂದರು. ಅದರ ಬಗ್ಗೆ ಕಾಕಾ ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ.

ಕಾಬೂಲಿನಿಂದ ಚರ್ಚೆ ಲಸಿಕೆಗೆ ಯಾವಾಗ ಹೊರಳಿತು? ನೆನಪಿಲ್ಲ. ಆಗೆಲ್ಲ ಯಾವ ಚರ್ಚೆಯಾದರೂ ಕೊನೆಗೆ ಸೂಜಿಗೇ ಬಂದು ನಿಲ್ಲುತ್ತಿತ್ತಲ್ಲ.

ಕಾಕಾ ಸೂಜಿ ಮಾಡಿಸಿಕೊಂಡಿರಲಿಲ್ಲ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟಿನ ಬೇರು ನಮ್ಮ ಕಡೆಯ ಶಾಲಾ ಮಾಸ್ತರರಲ್ಲಿದೆ. ಕಾಕಾ ಮಾವನಿಗಿಂತ ಎರಡು ಮೂರು ವರ್ಷ ದೊಡ್ಡವರು. ಆದರೆ ಮುಂದೆ ನೌಕರಿಗೆ ಅನುಕೂಲವಾಗಲಿ ಅಂತ ಅವರ ಮಾಸ್ತರರು ವಯಸ್ಸು ಇಳಿಸಿ ಬರೆದರು. ಮಾವನನ್ನು ಶಾಲೆಗೆ ಬೇಗ ತಳ್ಳಬೇಕೆಂದು ನನ್ನ ಅಜ್ಜ ವಯಸ್ಸು ಏರಿಸಿ ಬರೆಸಿದರು. ಹೀಗಾಗಿ ಕಾಗದದ ಮೇಲೆ ಮಾವ ಅಣ್ಣ, ಕಾಕಾ ತಮ್ಮ. ಮಾರ್ಚಿನಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಅಂದಾಗ ಇಬ್ಬರೂ ಕೂಡಿಯೇ ಸಾಲಿನಲ್ಲಿ ನಿಂತರು. ಮಾವನಿಗೆ ಸಿಕ್ಕಿತು. ಕಾಕಾನನ್ನು “ನಿಮಗಿನ್ನೂ ಅರವತ್ತಾಗಿಲ್ಲ” ಅಂತ ವಾಪಸ್ ಕಳಿಸಿದರು.

“ಹುಡುಗ ಅದೀಯಲೇ ನೀ ಇನ್ನಾ,” ಅಂತ ಮಾವ ದಾರಿಯುದ್ದಕ್ಕೂ ನಕ್ಕರಂತೆ.

ಕಾಕಾನ ಸರದಿ ಬಂದಾಗ ಸ್ಟಾಕ್ ಇಲ್ಲ. ಮತ್ತೆ ಹೋದರೂ ಇಲ್ಲ. ಅದು ಎರಡನೇ ಅಲೆಯ ಮೇ ತಿಂಗಳು. ಓಣಿಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಎಲ್ಲರೂ ಬಾಗಿಲಿಗೆ ಬರುತ್ತಿದ್ದೆವು, ಹೊರಗೆ ಮಾತ್ರ ಬರುತ್ತಿರಲಿಲ್ಲ.

“ನಮಗಿಲ್ಲದ ಸೂಜಿ ಹೊರದೇಶಕ್ಕ ಕೊಟ್ರು. ಮನೆಗೆ ಮಾರಿ, ಊರಿಗೆ ಉಪಕಾರಿ,” ಅಂತ ಕಾಕಾ ಅಂದಿನಿಂದ ಶುರು ಮಾಡಿದರು.

“ವಿದೇಶಾಂಗ ನೀತಿ ಅಂತಾರ ಅದಕ್ಕ. ಇವತ್ತ ಕೊಟ್ರ ನಾಳೆ ಅವರು ನಮ್ಮ ಕಡೆ ನಿಂದರತಾರ,” ಅಂತ ಮಾವ.

ಇಲ್ಲೊಂದು ತೊಡಕಿದೆ. ಜನವರಿಯಲ್ಲಿ ಲಸಿಕೆ ಹೊತ್ತ ವಿಮಾನ ಹೊರದೇಶಕ್ಕೆ ಹೊರಟದ್ದು ಟಿವಿಯಲ್ಲಿ ಬಂದಾಗ ಎದ್ದು ಸೆಲ್ಯೂಟ್ ಹೊಡೆದವರು ಇದೇ ಕಾಕಾ ಅಂತ ನನ್ನ ನೆನಪು. “ನಮ್ಮ ಮಂದಿಗೆ ಸಾಲತೈತೋ ಇಲ್ಲೋ ನೋಡ್ಬೇಕಿತ್ತು” ಅಂತ ಗೊಣಗಿದವರು ಮಾವ. ಕೇಳಿದರೆ ಇಬ್ಬರೂ ಒಪ್ಪುವುದಿಲ್ಲ. “ನಾನಾ? ನಿಮ್ಮ ಮಾವ ಇರಬೇಕು.” “ನಾನಾ? ಆ ಯಲ್ಲ್ಯಾ ಇರಬೇಕು.” ಯಾವ ತಿಂಗಳು ಯಾರು ಯಾವ ಕಡೆಗಿದ್ದರು?

ಇನ್ನು ನನ್ನ ಕಡೆ ಯಾವುದು? ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿದವಳು ನಾನು. (ಓಣಿಯವರಿಗೆ ಇದು ನನಗಿಂತ ಚೆನ್ನಾಗಿ ನೆನಪಿದೆ.) ಬೇರೆಯವರ ದೇಶದಲ್ಲಿ ಕೂತ ಸೈನ್ಯ ಹೊರಡಬೇಕಿತ್ತೇ? ಹೊರಡಬೇಕಿತ್ತು. ನಂಬಿದವರನ್ನು ಹಾಗೆ ರನ್‌ವೇ ಮೇಲೆ ಬಿಟ್ಟು ಹೊರಡಬಹುದೇ? ಬಾರದು. ಹಾಗಾದರೆ ಯಾವಾಗ ಹೊರಡಬೇಕಿತ್ತು? ಗೊತ್ತಿಲ್ಲ. ಎಲ್ಲೋ ಒಂದು ಸಣ್ಣ ದೇಶದ ನರ್ಸಿಗೆ ನಮ್ಮ ಸೂಜಿ ಸಿಕ್ಕಿದ್ದು ತಪ್ಪೇ? ಅಲ್ಲ. ನಮ್ಮ ಕಾಕಾಗೆ ಸಿಗದೇ ಹೋದದ್ದು ಸರಿಯೇ? ಅದೂ ಅಲ್ಲ. ಈಗ ಮತ್ತೆ ಹೊರಗೆ ಕಳಿಸಲು ಶುರು ಮಾಡಿದ್ದಾರೆ. ಒಳ್ಳೆಯದಾಯಿತು ಅನ್ನಲೇ? ಯಾರಾದರೂ ಎರಡೂ ಕಡೆ ತಲೆ ಆಡಿಸುವವರ ಪ್ಯಾನೆಲ್ ಮಾಡಿದರೆ ನನ್ನನ್ನು ಕರೆಯಿರಿ.

ಇರಲಿ. ಆ ಸಂಜೆಗೆ ಬರೋಣ. ಮಾವ ಅಂದರು, “ಈಗ ಬೇಕಾದಷ್ಟು ಐತಲ್ಲೋ. ನಾಳೆ ಹೋಗಿ ಚುಚ್ಚಿಸ್ಕೊ. ಹಟ ಬಿಡು.”

“ಬಿಡಂಗಿಲ್ಲ. ಆಗ ಹೊಳ್ಳಿ ಕಳಿಸಿ ಈಗ ಕರದ್ರ ಬರಾಕ ನಾ ಏನ್ ಅವರ ಮನಿ ಆಳಲ್ಲ.”

ಇದರ ನಂತರ ಬರುವುದೇ ಆ ಮಾತು. ಅಂದಿದ್ದರೆ ಮಾವ ಅಂದದ್ದು ಹೀಗೆ: “ಬಿಡಲೇ, ಹಿಂದ ಸರಿಯೋದು ನಿನಗೇನ್ ಹೊಸದು? ಶ್ರೀಲಂಕಾದಿಂದ ಓಡಿ ಬಂದಾವ ನೀ.”

ಕಾಕಾ ಎದ್ದರು. ಗಿರ್ಮಿಟ್ಟಿನ ತಾಟು ಕಟ್ಟೆಯ ಮೇಲಿಟ್ಟರು. ಹತ್ತು ಮಂದಿಯ ಮುಂದೆ ಹೇಳಿದರು, “ಈ ಮಾತು ನೀ ಹೊಳ್ಳಿ ತಗೊಳ್ಳೋತನಕ ನಿಮ್ಮ ಕಟ್ಟಿ ಹತ್ತಂಗಿಲ್ಲ. ಸೂಜೀನೂ ಚುಚ್ಚಿಸ್ಕೊಳ್ಳಂಗಿಲ್ಲ.”

“ನಾ ಅಂದಿಲ್ಲದ ಮಾತು ಹೆಂಗ ಹೊಳ್ಳಿ ತಗೊಳ್ಳಲಿ?” ಅಂದರು ಮಾವ.

ಇಬ್ಬರು ಹಿರಿಯರ ಹಟ, ನಾಲ್ಕು ದಿನಕ್ಕೆ ಕರಗುತ್ತದೆ ಅಂದುಕೊಂಡೆವು. ಆದರೆ ಗಣೇಶ ಚೌತಿಯ ಮರುದಿನ ಮುಂಡರಗಿಯಲ್ಲಿ ಕಾಕಾನ ಮಗಳು ರೇಣುಕಾ ಗಂಡು ಮಗು ಹೆತ್ತಳು. ಎರಡನೇ ಹೆರಿಗೆ, ಕರೋನಾ ಬೇರೆ, ತವರಿಗೆ ಬಂದಿರಲಿಲ್ಲ. ಸೂಜಿ ಮಾಡಿಸಿಕೊಂಡಿದ್ದ ಕಾಕು, ರೇಣುಕಾಳ ಅವ್ವ, ಬಾಣಂತನಕ್ಕೆ ಅಲ್ಲಿಗೇ ಹೋದರು. ಕಾಕಾ ಹೊರಡಲು ಚೀಲ ತುಂಬುತ್ತಿದ್ದಾಗ ಮಗಳ ಫೋನು.

“ಅಪ್ಪಾ, ಸೂಜಿ ಮಾಡಿಸ್ಕೊಂಡ್ ಬಾ. ಇಲ್ಲಂದ್ರ ಬರಬ್ಯಾಡ.”

ರೇಣುಕಾ ಬಿರುಸಿನ ಹುಡುಗಿಯಲ್ಲ. ಆದರೆ ಮೇ ತಿಂಗಳಲ್ಲಿ ಆಕೆಯ ಅತ್ತೆ ಹೋದರು. ಆಸ್ಪತ್ರೆಯಿಂದ ಮನೆಗೆ ತರಲೂ ಬಿಡಲಿಲ್ಲ. ಅವಳ ಮಾತಿಗೆ ಎದುರಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕಾಕಾ ತುಂಬಿದ ಚೀಲ ಬಿಚ್ಚಿದರು. ಮೊಮ್ಮಗನನ್ನು ಕಾಕು ಕಳಿಸುವ ವಿಡಿಯೊದಲ್ಲಿ ನೋಡುವುದು, ಮತ್ತೆ ನೋಡುವುದು. ಕೂಸಿಗೆ ತಿಂಗಳು ತುಂಬಿತು.

ದಸರೆ ಬಂತು. ನಮ್ಮಲ್ಲಿ ಬನ್ನಿ ಕೊಡುವ ಪದ್ಧತಿ ನಿಮಗೆ ಗೊತ್ತೇ ಇದೆ. ವಿಜಯದಶಮಿಯ ಸಂಜೆ ಸಣ್ಣವರು ದೊಡ್ಡವರ ಮನೆಗೆ ಹೋಗಬೇಕು, ಬನ್ನಿ ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅಂದು ಕಾಲಿಗೆ ಬೀಳಬೇಕು. ವರ್ಷದ ಜಗಳ ಅಲ್ಲಿಗೆ ಮುಗಿದಂತೆ.

ಈ ಸಲ ಮಾವ ಬನ್ನಿ ಹಿಡಿದುಕೊಂಡು ತಮ್ಮ ಬಾಗಿಲಲ್ಲಿ ನಿಂತರು. ಕಾಕಾ ಬನ್ನಿ ಹಿಡಿದುಕೊಂಡು ತಮ್ಮ ಬಾಗಿಲಲ್ಲಿ. ಯಾರೂ ರಸ್ತೆ ದಾಟಲಿಲ್ಲ. ಓಣಿಯ ಹುಡುಗರು, ಸೊಸೆಯಂದಿರು ಇಬ್ಬರಿಗೂ ಬನ್ನಿ ಕೊಟ್ಟು ಹೋದರು. ಇವರು ನಿಂತೇ ಇದ್ದರು. ಗಡಿ ಕಾಯುವವರು ಹೀಗೇ ನಿಲ್ಲುತ್ತಾರೇನೋ.

“ಹೋಗವಾ, ನೀನರ ಏನರ ಮಾಡು,” ಅಂದರು ಮಾವನ ಹೆಂಡತಿ, ನನ್ನ ಅತ್ತೆ.

ನಾನು ಕಾಕಾನ ಮನೆಗೆ ಹೋದೆ. ಬನ್ನಿ ಕೊಟ್ಟೆ, ಕಾಲಿಗೆ ಬಿದ್ದೆ. ಒಳಗೆ ಕರೆದು ಕೂರಿಸಿದರು.

“ಕಾಕಾ, ಸಾಕ್ಬಿಡ್ರಿ ಇನ್ನ. ನಾಳೆ ನಾನ ಕರ್ಕೊಂಡ್ ಹೋಗತೀನಿ. ಸೂಜಿ ಮಾಡಿಸ್ಕೊಂಡ್ ಕೂಸಿನ ನೋಡಾಕ ಹೋಗ್ರಿ,” ಅಂದೆ.

ಕಾಕಾ ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದರು.

“ಯಾರ ಮುಂದೂ ಹೇಳಬ್ಯಾಡ. ನಂದು ಆಗೇತಿ.”

“ಏನ್ ಆಗೇತ್ರಿ?”

“ಸೂಜಿ. ಅಮಾಸಿಗೆ ಮೊದಲ, ಲಕ್ಷ್ಮೇಶ್ವರಕ್ಕ ಹೋಗಿ ಮಾಡಿಸ್ಕೊಂಡ್ ಬಂದೆ. ಸೋಮೇಶ್ವರನ ಗುಡಿಗೆ ಹೊಂಟೀನಿ ಅಂತ ಹೇಳಿ ಹೋಗಿದ್ದೆ. ಸಾಲಿನ್ಯಾಗ ನಮ್ಮ ಓಣ್ಯಾವ ಒಬ್ಬ ಕಂಡ. ಮಾಸ್ಕ್ ಕಣ್ಣತನಾ ಎಳಕೊಂಡೆ.”

ನನಗೆ ನಗು ಬಂತು. ನಕ್ಕೆ. ಕಾಕಾ ನಗಲಿಲ್ಲ.

“ಮತ್ತ ಮುಂಡರಗಿಗೆ ಯಾಕ ಹೋಗಿಲ್ರಿ?”

“ಹೋದ್ರ ಸೂಜಿ ಮಾಡಿಸ್ಕೊಂಡಾನ ಅಂತ ಗೊತ್ತಾಗತೈತಲ್ಲವಾ. ಆವಾಗ ನಿಮ್ಮ ಮಾವ ಕಟ್ಟಿ ಮ್ಯಾಲ ಕುಂತು ಏನಂತಾನ? ‘ನೋಡ್ರಿ, ಮತ್ತ ಓಡಿ ಬಂದ’ ಅಂತಾನ.”

ಕೈಯಲ್ಲಿದ್ದ ಬನ್ನಿ ಎಲೆ ತಿರುವಿದರು. ಆಮೇಲೆ ಅಂದರು, “ಹೋಗುವಾಗ ಬ್ಯಾಂಡ್ ಬಾರಿಸಿ ಕಳಸ್ತಾರ. ಹೊಳ್ಳಿ ಬರುವಾಗ ಎಲ್ಲಾರೂ ಮಾರಿ ನೋಡತಾರ. ಒಮ್ಮೆ ನೋಡಿಸ್ಕೊಂಡೀನಿ. ಸಾಕು.”

ನಾನು ಎದ್ದು ಬಾಗಿಲು ತೆರೆದೆ.

ರಸ್ತೆ ದಾಟಿ ಮಾವನ ಬಳಿ ಬಂದೆ. ಗುಟ್ಟು ಹೇಳುವಂತಿಲ್ಲ. “ನೀವ ಹೋಗ್ರಿ ಮಾವಾ. ಅವರು ದೊಡ್ಡವರಲ್ಲ?” ಅಂದೆ.

“ಆಧಾರ್ ಕಾರ್ಡಿನ್ಯಾಗ ನಾ ದೊಡ್ಡಾವ.”

ಅತ್ತೆ ಒಳಗಿನಿಂದಲೇ ಕೂಗಿದರು. “ರೀ, ಬನ್ನಿ ಆಧಾರ್ ಕಾರ್ಡಿಗೆ ಕೊಡಬ್ಯಾಡ್ರಿ, ಮನಶ್ಯಾಗ ಕೊಡ್ರಿ. ಕೂಸು ಹುಟ್ಟಿ ತಿಂಗಳಾತು. ನಿಮ್ಮ ಬಾಯಿ ದೆಸೆಯಿಂದ ಆ ಅಜ್ಜ ಮಾರಿ ನೋಡಿಲ್ಲ.”

ಮಾವ ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. “ಖರೇ ಹೇಳು. ಅಂದೆನೇನು ನಾನು?”

“ನನಗ ಖರೇನ ಗೊತ್ತಿಲ್ರಿ ಮಾವಾ.”

“ನನಗೂ ಗೊತ್ತಿಲ್ಲಲೇ.” 

ಎರಡು ತಿಂಗಳು ಅಂದಿಲ್ಲ ಅಂದಿಲ್ಲ ಎಂದು ಆಣೆ ಮಾಡಿದ ಮನುಷ್ಯ! ಚಪ್ಪಲಿ ಮೆಟ್ಟಿಕೊಂಡರು. ರಸ್ತೆ ದಾಟಿದರು. ಕಾಕಾನ ಮುಂದೆ ನಿಂತು ಬನ್ನಿ ಚಾಚಿದರು. “ಅಣ್ಣಾ, ತಗೊ. ನಾ ಅಂದಿದ್ರ ಹೊಳ್ಳಿ ತಗೊಂಡೀನಿ. ಅಂದಿಲ್ಲಂದ್ರ… ಅದನ್ನೂ ಹೊಳ್ಳಿ ತಗೊಂಡೀನಿ.” ಬಾಗಿ ಕಾಲು ಮುಟ್ಟಿದರು.

ಕಾಕಾ ಬನ್ನಿ ತಗೊಂಡರು. “ಏಳಲೇ, ಸೊಂಟ ಹಿಡಕೊಂಡೀತು,” ಅಂದರು.

ಮರುದಿನ ಬೆಳಿಗ್ಗೆ ಮುಂಡರಗಿ ಬಸ್ಸಿನಲ್ಲಿ ನಾನೂ ಇದ್ದೆ. “ನೀನೂ ಬಾ, ನಾ ಒಬ್ಬನ ಹೇಳಿದ್ರ ರೇಣುಕಾ ನಂಬಂಗಿಲ್ಲ,” ಅಂದಿದ್ದರು ಕಾಕಾ. ರೇಣುಕಾ ಮೊಬೈಲಿನಲ್ಲಿ ಸರ್ಟಿಫಿಕೇಟು ನೋಡಿದಳು, ತಾರೀಖು ನೋಡಿದಳು, ಅಪ್ಪನ ಮುಖ ನೋಡಿದಳು. ಮಾಸ್ಕ್ ಸರಿ ಮಾಡಿ, ಕೈಗೆ ಸ್ಯಾನಿಟೈಸರ್ ಹಾಕಿ, ಕೂಸನ್ನು ಕೊಟ್ಟಳು. ಕಾಕಾ ಅದನ್ನು ಎತ್ತಿಕೊಂಡು ಗೋಡೆಯ ಕಡೆಗೆ ತಿರುಗಿ ನಿಂತರು, ಬಹಳ ಹೊತ್ತು.

ಆಮೇಲೆ ನನ್ನ ಫೋನಿನಿಂದಲೇ ಮಾವನಿಗೆ ವಿಡಿಯೊ ಕಾಲ್ ಮಾಡಿಸಿದರು.

“ಲೇ ಶಿವಪ್ಪ, ನೋಡಲೇ ನಮ್ಮ ಸಾಹೇಬರನ್ನ.”

“ಭಾಳ ಚಂದ ಅದಾನೋ. ಅಲ್ಲ, ಸೂಜಿ ಯಾವಾಗ ಮಾಡಿಸ್ಕೊಂಡಿ?”

“ಅಮಾಸಿಗೆ ಮೊದಲ.”

ಮಾವ ಪರದೆಗೆ ಮುಖ ತೀರಾ ಹತ್ತಿರ ತಂದರು.

“ಮತ್ತ ಇಷ್ಟ ದಿನ ಯಾಕ ಕುಂತಿದ್ದೆಲೇ?”

“ನೀ ಏನಂತಿಯೋ ಅಂತ.”

“ನಾ ಏನೂ ಅಂತಿರಲಿಲ್ಲಲೇ,” ಅಂದರು ಮಾವ.

ನಿಜವೇ? ಮಾವ ಏನೂ ಅನ್ನುತ್ತಿರಲಿಲ್ಲವೇ? ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಎದುರು ಮನೆಯವನು ಏನಂತಾನೋ ಅಂತ ಮೊಮ್ಮಗನನ್ನೂ ನೋಡದೆ ಕೂತವರನ್ನು ಕಣ್ಣಾರೆ ಕಂಡ ಮೇಲೆ, ಯಾವುದೋ ಸೈನ್ಯ ಇಪ್ಪತ್ತು ವರ್ಷ ಯಾಕೆ ಕೂತಿತ್ತು ಅಂತ ನಾನಿನ್ನು ಯಾವ ಪಂಡಿತರನ್ನು ಕೇಳಲಿ?